ಮೌಶಿಯ ಕೈಗುಣ

ಹೋದ ತಿಂಗಳು ಮನೆಗೆ ಬಣ್ಣ ಹೊಡೆಸ್ತಿದ್ವಿ. ಆರ್.ಟಿ. ನಗರದ ಈ ಮನೆಯ ಗೋಡೆಗಳು ಬಣ್ಣ ಕಂಡು ಯಾವ ಕಾಲವಾಗಿತ್ತೋ. ಮಗ ಹಟ ಹಿಡಿದ, ಹಾಳಾಗಿ ಹೋಗ್ಲಿ ಅಂತ ಒಪ್ಪಿದೆ. ಮಧ್ಯಾಹ್ನ ಹಾಲಿಗೆ ಬಂದು ನೋಡ್ತೀನಿ, ಬಣ್ಣದವರು ಬ್ರಶ್ ನೆನೆಸೋಕೆ ಅಂತ ಎಲ್ಲಿಂದಲೋ ತಂದ ಸೀಮೆಎಣ್ಣೇನ ನಮ್ಮನೆ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು ನೆಲದ ಮೇಲೆ ಇಟ್ಟಿದಾರೆ. ಅದರ ಪಕ್ಕದಲ್ಲೇ ಅವರಿಗೆ ಕುಡಿಯೋಕೆ ಅಂತ ನಾನೇ ಕೊಟ್ಟಿದ್ದ ನೀರಿನ ಲೋಟ.

ನನಗೆ ಬಂತು ನೋಡಿ ಸಿಟ್ಟು. "ಏನ್ರೀ, ಬುದ್ಧಿ ಎಲ್ಲಿಟ್ಟಿದ್ದೀರ್ರೀ? ಕುಡಿಯೋ ಲೋಟಕ್ಕೆ ಸೀಮೆಎಣ್ಣೆ ಹಾಕ್ತಾರೇನ್ರೀ ಯಾರಾದ್ರೂ?" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದೆ. ಪಾಪ, ನನ್ನ ವಯಸ್ಸಿನವರೇ ಅವರು. "ತೊಳೆದು ಕೊಡ್ತೀನಿ ಬಿಡಮ್ಮಾ, ಮನೇಲಿ ಸಣ್ಣ ಮಕ್ಕಳು ಯಾರೂ ಇಲ್ವಲ್ಲ" ಅಂದರು. ಮಗ ರೂಮಿಂದ ಬಂದು, "ಅಷ್ಟಕ್ಕೆ ಯಾಕಮ್ಮಾ ಹಿಂಗೆ ಕಿರುಚ್ತೀಯಾ" ಅಂದ. ನಾನು ಲೋಟ ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಆ ವಾಸನೆ ಮೂಗಿಗೆ ಹತ್ತಿತು. ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತುಬಿಟ್ಟೆ. ಮೌಶಿ ನೆನಪಾದರು...

ಎಪ್ಪತ್ತರ ದಶಕ. ನಾವಾಗ ಮತ್ತಿಕೆರೆಯ ಒಂದು ವಠಾರದಲ್ಲಿದ್ವಿ. ಮತ್ತಿಕೆರೆ ಅಂದ್ರೆ ಈಗಿನ ಹಾಗಲ್ಲ, ಅರ್ಧ ಹಳ್ಳಿ, ಅರ್ಧ ಪೇಟೆ. ಮುಂದಿನ ಬೀದೀಲಿ ಕಾಲೇಜು ಹುಡುಗರ ಬಾಡಿಗೆ ರೂಮುಗಳು, ಹಿಂದೆ ರಾಗಿ ಹೊಲ. ನಮ್ಮ ವಠಾರದಲ್ಲಿ ಅಂಗಳದ ಎರಡೂ ಕಡೆ ಸಾಲು ಮನೆ, ಮಧ್ಯೆ ಒಂದು ನಲ್ಲಿ, ಹಿಂದುಗಡೆ ಒಂದು ಬಾವಿ. ನಲ್ಲಿ ನೀರು ಕುಡಿಯೋಕೆ, ಬಾವಿ ನೀರು ಉಳಿದದ್ದಕ್ಕೆ. ಅಪ್ಪ ಗುಮಾಸ್ತರು. ಅಪ್ಪ, ಅಮ್ಮ, ಅಪ್ಪನ ತಾಯಿ ನಮ್ಮಜ್ಜಿ, ನಾನು, ಆಮೇಲೆ ತುಂಬ ತಡವಾಗಿ ಹುಟ್ಟಿದ ನನ್ನ ತಮ್ಮ. ಇಷ್ಟು ಜನ ಒಂದೂವರೆ ಕೋಣೇಲಿ ಇದ್ವಿ.

ಎದುರು ಮನೇಲಿ ಮೌಶಿ. ಗದಗದ ಕಡೆಯವರು. ಅವರ ಗಂಡ ಯಶವಂತಪುರದ ಯಾವುದೋ ಕಾರ್ಖಾನೇಲಿ ಕೆಲಸಕ್ಕಿದ್ದರು, ಮಾತು ಕಮ್ಮಿ. ಮೌಶಿ ಇಬ್ಬರ ಮಾತೂ ತಾವೇ ಆಡೋರು. ಆಕೆಯ ಕನ್ನಡ ಕೇಳಿ ಮೊದಮೊದಲು ನಾವೆಲ್ಲ ಮುಸಿಮುಸಿ ನಗ್ತಿದ್ವಿ. "ನಗ್ರಿ, ನಗ್ರಿ, ಹಲ್ಲು ಬಿದ್ದ ಮ್ಯಾಲೆ ಹೆಂಗ ನಗ್ತೀರಿ ನಾನೂ ನೋಡ್ತೀನಿ" ಅನ್ನೋರು. ಚಿಕ್ಕಮ್ಮನಿಗೆ ಅವರ ಕಡೆ ಮೌಶಿ ಅಂತಾರಂತೆ. ಮಕ್ಕಳೆಲ್ಲ ಹಾಗೇ ಕರೀಬೇಕು ಅಂತ ಆಕೇನೇ ಕಲಿಸಿದ್ದು. ಆಕೆಗೆ ಸ್ವಂತ ಮಕ್ಕಳು ಇರಲಿಲ್ಲ. ಹಾಗಂತ ಯಾರೂ ಆಕೆಯನ್ನ ಬಂಜೆ ಗಿಂಜೆ ಅಂತ ದೂರ ಇಡಲಿಲ್ಲ. ಇಡೋ ಹಾಗೇ ಇರಲಿಲ್ಲ, ಯಾಕಂದ್ರೆ ವಠಾರದಲ್ಲಿ ಯಾರ ಮನೇಲಿ ಮಗು ಹುಟ್ಟಿದರೂ ಅದಕ್ಕೆ ನೀರು ಹಾಕೋರು ಮೌಶೀನೇ.

ಅದೇನು ಚಂದ ಅಂತೀರಿ! ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕಾಲು ನೀಡಿ ಕೂತು, ಎರಡು ಕಾಲಿನ ನಡುವೆ ಮಗೂನ ಮಲಗಿಸಿಕೊಳ್ಳೋರು. ಎಣ್ಣೆ ತೀಡಿ, ಮೂಗು ಎಳೆದು, ತಲೆ ಗುಂಡಗೆ ಒತ್ತಿ, ಬಿಸಿನೀರು ಹುಯ್ಯೋರು. ಕಿರಿಚಾಡ್ತಿದ್ದ ಕೂಸು ಆಕೆ ಕೈ ಬಿದ್ದ ಕೂಡಲೇ ಸುಮ್ಮನಾಗ್ತಿತ್ತು. ಹೆತ್ತಮ್ಮಂದಿರಿಗೇ ಹೊಟ್ಟೆಕಿಚ್ಚು. ಮಗೂಗೆ ಹೊಟ್ಟೆನೋವು, ಹಾಲು ಕಕ್ಕಿತು, ದೃಷ್ಟಿಯಾಯ್ತು... ಏನಾದರೂ ಮೊದಲು ಕೂಗ್ತಿದ್ದದ್ದು "ಮೌಶೀ" ಅಂತ. ಡಾಕ್ಟರು ಆಮೇಲೆ. ನಮ್ಮಜ್ಜಿ, ಯಾರನ್ನೂ ಹೊಗಳದ ಹೆಂಗಸು, ಅವರೇ ಹೇಳ್ತಿದ್ದರು, "ಆ ಬಯಲುಸೀಮೆಯವಳ ಕೈಗುಣ ಬಲು ಚೆನ್ನಾಗಿದೆ ಕಣೇ" ಅಂತ.

ನಾನೂ ಆ ಕೈಯಿಂದ ಬದುಕಿದೋಳೇ. ಒಂದು ಸಲ ಹಿಂದಿನ ಬೇಲೀಲಿ ಬಿಟ್ಟಿದ್ದ ಕಾಡುಹರಳಿನ ಬೀಜಾನ ಬಾದಾಮಿ ಥರ ಇದೆ ಅಂತ ಒಡೆದು ತಿಂದುಬಿಟ್ಟಿದ್ದೆ. ಅಮ್ಮ ಅಳ್ತಾ ನಿಂತಿದ್ದರೆ ಮೌಶಿ ಓಡಿ ಬಂದು, ಚೊಂಬು ತುಂಬ ಉಪ್ಪುನೀರು ಕದಡಿ, ಬಾಯಿ ಬಿಡಿಸಿ ಕುಡಿಸಿ, ಗಂಟಲಿಗೆ ಬೆರಳು ಹಾಕಿ ಎಲ್ಲಾ ಕಕ್ಕಿಸಿದರು. "ವಿಷ ಒಳಗ ಕುಂದ್ರಬಾರ್ದು ತಂಗೀ, ಹೊರಗ ಬಂದ್ರ ಜೀವ ಉಳೀತದ" ಅಂದ್ರು. ಉಳೀತು. ಅವತ್ತಿಂದ ವಠಾರದಲ್ಲಿ ಅದೇ ವೇದವಾಕ್ಯ. ಮಕ್ಕಳು ಏನು ನುಂಗಿದರೂ ಉಪ್ಪುನೀರು, ವಾಂತಿ.

ಇನ್ನು ಸ್ಟವ್ ವಿಷಯ ಹೇಳಬೇಕು. ನಮ್ಮನೇಲಿ ಮೊದಲು ಸೌದೆ ಒಲೆ ಇತ್ತು. ಅಮ್ಮನಿಗೆ ಹೊಗೆ ಆಗ್ತಿರಲಿಲ್ಲ, ಕೆಮ್ಮಿ ಕೆಮ್ಮಿ ಸಾಯ್ತಿದ್ದರು. ಅಪ್ಪನ್ನ ಕಾಡಿ ಬೇಡಿ ಬತ್ತಿ ಸ್ಟವ್ ತರಿಸಿದರು. ಅಜ್ಜಿಗೆ ಅದು ಕಣ್ಣಿಗೆ ಬಿದ್ದ ಕಸ. "ಆ ಸೀಮೆಎಣ್ಣೆ ನಾತದ ಅನ್ನ ದೇವರಿಗೆ ಹೇಗೆ ನೈವೇದ್ಯ ಮಾಡ್ಲಿ? ಒಂದಲ್ಲ ಒಂದಿನ ಇವಳು ಮನೆ ಸುಡ್ತಾಳೆ, ನೋಡ್ತಿರು. ಸುಟ್ಟ ದಿನ ಇವಳನ್ನ ತವರಿಗೆ ಕಳಿಸ್ತೀನಿ" ಅಂತ ಅಪ್ಪನ ಹತ್ತಿರ ಅಂದು ಅಂದು, ಅಮ್ಮ ಆ ಸ್ಟವ್ ಹಚ್ಚುವಾಗೆಲ್ಲ ಹೆದರಿ ಹೆದರಿ ಹಚ್ಚೋರು.

ಎಣ್ಣೆ ಡಿಪೋದಿಂದ ದೊಡ್ಡ ಡಬ್ಬೀಲಿ ಬರ್ತಿತ್ತು. ಆ ಡಬ್ಬಿ ಎತ್ತಿ ನೇರ ಸ್ಟವ್‌ಗೆ ಬಗ್ಗಿಸೋಕೆ ಆಗಲ್ಲ, ಅರ್ಧ ನೆಲದ ಪಾಲು. ಅದಕ್ಕೆ ಎಲ್ಲರ ಮನೇಲೂ ಮೊದಲು ಚೊಂಬಿಗೆ ಬಗ್ಗಿಸೋದು, ಚೊಂಬಿಂದ ಸ್ಟವ್‌ಗೆ. ಆ ಕೆಲಸಕ್ಕೆ ಅಂತ ಬೇರೆ ಚೊಂಬು ಯಾರಿಡ್ತಾರೆ? ಬೂದಿ ಹಾಕಿ ಉಜ್ಜಿದರೆ ಆಯ್ತು, ಅದೇ ಚೊಂಬಲ್ಲಿ ನೀರು. ಈಗ ಯೋಚಿಸಿದರೆ ತಲೆ ಚಚ್ಚಿಕೊಳ್ಳೋ ಹಾಗಾಗುತ್ತೆ. ನಮ್ಮಜ್ಜಿಗೆ ಮಡಿ ಅಂದ್ರೆ ಮಡಿ. ಮುಸುರೆ ಪಾತ್ರೆ ಬೇರೆ, ಮಡಿ ಪಾತ್ರೆ ಬೇರೆ, ಉಪ್ಪಿನಕಾಯಿ ಜಾಡಿ ಮುಟ್ಟೋಕೆ ಕೈ ಬೇರೆ ಅನ್ನೋ ಅಷ್ಟು. ಆದರೆ ಸೀಮೆಎಣ್ಣೆ ಹಾಕಿದ ಚೊಂಬು, ತಿಗಣೆ ಔಷಧಿ ಇಟ್ಟ ಸೀಸೆ, ಇವುಗಳನ್ನ ಬೇರೆ ಇಡಬೇಕು ಅಂತ ಯಾರಿಗೂ ಹೊಳೀಲಿಲ್ಲ. ಫಿನಾಯಿಲ್ ಶರಬತ್ತಿನ ಬಾಟಲೀಲಿ ಇರ್ತಿತ್ತು, ಶರಬತ್ತು ಮುಗಿದ ಮೇಲೆ ಬಾಟಲಿ ಎಸೆಯೋಕಾಗುತ್ತಾ?

ಬೇಸಿಗೆ. ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದರು, ಅಪ್ಪ ಆಫೀಸು. ಅಮ್ಮ ಬಾಗಿಲ ಹತ್ತಿರ ಬೆಳಕಲ್ಲಿ ಕೂತು ಸ್ಟವ್‌ಗೆ ಎಣ್ಣೆ ಹಾಕ್ತಿದ್ದರು. ಸ್ಟವ್ ತುಂಬಿ ಚೊಂಬಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅಷ್ಟರಲ್ಲಿ ಅಂಗಳದಲ್ಲಿ ಯಾರೋ "ನಲ್ಲಿ ಬಂತೂ!" ಅಂದರು. ಆಗಿನ ಬೇಸಿಗೇಲಿ ನಲ್ಲಿ ಬಂತು ಅಂದ್ರೆ ಯುದ್ಧ. ಅಮ್ಮ ಚೊಂಬನ್ನ ಹೊಸ್ತಿಲ ಪಕ್ಕ ಇಟ್ಟು, ನನ್ನ ಕೈಗೊಂದು ಕೊಡ ಕೊಟ್ಟು, ತಾವೆರಡು ಕೊಡ ಎತ್ತಿಕೊಂಡು ಓಡಿದರು. ತಮ್ಮ ಒಳಗೆ ಚಾಪೆ ಮೇಲೆ ಮಲಗಿದ್ದ. ಎದ್ದಿದಾನೆ, ಬಾಯಾರಿಕೆ, ಚೊಂಬು ಕಂಡಿದೆ. ಚೊಂಬೆತ್ತಿ ನೀರು ಕುಡಿಯೋದನ್ನ ಆಗ ತಾನೇ ಕಲ್ತಿದ್ದ. ಕಲ್ತಿದ್ದಕ್ಕೆ ನಾವೆಲ್ಲ ಚಪ್ಪಾಳೆ ತಟ್ಟಿದ್ವಿ.

ಅವನ ಕೆಮ್ಮು ಮೊದಲು ಕೇಳಿಸಿದ್ದು ಮೌಶಿಗೆ. ನಾವು ಬರೋಷ್ಟರಲ್ಲಿ ಆಕೆ ಅವನನ್ನ ತೊಡೆ ಮೇಲೆ ಹಾಕಿಕೊಂಡು ಬಾಯಿ ಮೂಸಿ ನೋಡಿ, "ಅಯ್ಯೋ ನಮ್ಮಪ್ಪಾ, ಚಿಮಣಿ ಎಣ್ಣಿ ಕುಡದೈತ್ರೀ ಕೂಸು! ಉಪ್ಪು ತರ್ರೀ ವೈನಿ, ಲಗೂನ!" ಅಂತ ಕೂಗ್ತಿದ್ದರು. ಅಮ್ಮನ್ನ ಆಕೆ ವೈನಿ ಅಂತ ಕರೀತಿದ್ದರು, ಅತ್ತಿಗೆ ಅಂತ. ಉಪ್ಪುನೀರು ಕುಡಿಸಿದರು. ಬೆರಳು ಹಾಕಿದರು. ಒಂದು ಸಲ ಅಲ್ಲ, ಹೊಟ್ಟೇಲಿ ಏನೂ ಉಳೀಬಾರದು ಅಂತ ಮತ್ತೆ ಮತ್ತೆ. ತಮ್ಮ ಕಕ್ಕಿದ, ಕೆಮ್ಮಿದ, ಮತ್ತೆ ಕಕ್ಕಿದ. ಮನೆಯೆಲ್ಲ ಸೀಮೆಎಣ್ಣೆ ವಾಸನೆ. ವಠಾರದ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು "ಬಂತು ಬಂತು, ಎಲ್ಲಾ ಆಚೆ ಬಂತು" ಅಂದರು. ಒಬ್ಬರಂತೂ ಮೌಶಿ ಕಾಲು ಮುಟ್ಟೋಕೆ ಹೋದರು. ತಮ್ಮ ಸುಸ್ತಾಗಿ ಆಕೆ ಹೆಗಲ ಮೇಲೇ ನಿದ್ದೆ ಹೋದ.

ಎಲ್ಲರೂ ಹೋದ ಮೇಲೆ ಅಮ್ಮ ನೆಲದ ಮೇಲೆ ಕುಸಿದು, "ಅಕ್ಕಾ, ನಾನೇ ಇಟ್ಟು ಹೋಗಿದ್ದೆ... ನಾನೇ..." ಅಂತ ಬಾಯಿ ಬಾಯಿ ಬಡಿದುಕೊಂಡರು. ಮೌಶಿ ಬಗ್ಗಿ ಆ ಚೊಂಬು ಎತ್ತಿಕೊಂಡರು. ಒಲೆ ಬೂದಿ ಹಾಕಿ ಗಸಗಸ ಉಜ್ಜಿ ತೊಳೆದು, ಪಾತ್ರೆಗಳ ಸಾಲಲ್ಲಿ ಬೋರಲು ಹಾಕಿದರು. "ಬಾಯಿ ಮುಚ್ರಿ ವೈನಿ. ಕೂಸು ಉಳೀತಲ್ಲ, ಮುಗೀತು. ನಿಮ್ಮತ್ತಿ ಅಮ್ಮಾರ ಮುಂದ ಒಂದ್ ಮಾತೂ ಆಡಬ್ಯಾಡ್ರಿ" ಅಂದರು. ನಾನು ಕೊಡ ಹಿಡಕೊಂಡು ಅಲ್ಲೇ ನಿಂತಿದ್ದೆ. ನನ್ನ ಕಡೆ ತಿರುಗಿ, "ನೀನೂ ಅಷ್ಟ ತಂಗೀ" ಅಂದರು.

ಸಂಜೆ ಹೊತ್ತಿಗೆ ತಮ್ಮನಿಗೆ ಜ್ವರ ಏರಿತು. ಉಸಿರು ಎಳೆಯೋವಾಗ ಪಕ್ಕೆ ಒಳಗೆ ಹೋಗ್ತಿತ್ತು. ಅಪ್ಪ ಬಂದರು, ಅಜ್ಜಿ ಬಂದರು, ಆಟೋ ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಓಡಿದ್ವಿ. ಮೌಶಿಯೇ ಮಗೂನ ಎತ್ತಿಕೊಂಡಿದ್ದರು. ಅವನು ಬೇರೆ ಯಾರ ಹತ್ತಿರಾನೂ ಹೋಗಲಿಲ್ಲ.

ಎಣ್ಣೆ ಕುಡಿದಿದ್ದು, ಕಕ್ಕಿದ್ದು ಎಲ್ಲಾ ಹೇಳಿದ್ವಿ. ಅಲ್ಲಿದ್ದ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ನೋಡಿ, ಮುಖ ಗಂಟಿಕ್ಕಿಕೊಂಡು ಕೇಳಿದರು, "ವಾಂತಿ ಯಾರ್ರೀ ಮಾಡಿಸಿದ್ದು?"

ಹೆಮ್ಮೆಯಿಂದಾನೇ ಹೇಳಿದರು ಮೌಶಿ, "ನಾನಽ ರೀ. ಎಲ್ಲಾ ಹೊರಗ ಹಾಕಿಸೀನಿ."

"ಸೀಮೆಎಣ್ಣೆ ಕುಡಿದ ಮಗೂಗೆ ವಾಂತಿ ಮಾಡಿಸ್ತಾರೇನಮ್ಮಾ? ಹೊಟ್ಟೇಲಿ ಇದ್ದಿದ್ರೆ ಇಷ್ಟು ಕೆಡ್ತಿರಲಿಲ್ಲ. ಮೇಲಕ್ಕೆ ಬರೋವಾಗ ಅದು ಶ್ವಾಸಕ್ಕೆ ಇಳಿಯುತ್ತೆ. ಹಂಗೇ ಎತ್ಕೊಂಡು ಇಲ್ಲಿಗೆ ಬರಬೇಕಿತ್ತು. ಎಷ್ಟು ಜನಕ್ಕೆ ಅಂತ ಹೇಳ್ಲಿ ನಾನು!"

ಆಕೆ ಬೈದಿದ್ದು ಬೇಜಾರಲ್ಲಿ, ಕೆಟ್ಟ ಮನಸ್ಸಿಂದಲ್ಲ. ಆದರೆ ಮೌಶಿಯ ಮುಖ ನಾನು ನೋಡಿದೆ. ಆ ಮುಖದಲ್ಲಿ ಏನೋ ಆರಿಹೋಯ್ತು. ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡರು, ಆಮೇಲೆ ಸೆರಗೊಳಗೆ ಸೇರಿಸಿಕೊಂಡರು.

ಹೊರಗೆ ಬಂದ ಮೇಲೆ ಅಜ್ಜಿಯ ವಿಚಾರಣೆ ಶುರುವಾಯ್ತು. "ವಾಂತಿ ಹಾಳಾಗಿ ಹೋಗ್ಲಿ. ಎಣ್ಣೆ ಮಗು ಕೈಗೆ ಹೇಗೆ ಸಿಕ್ತು? ಕೈಗೆ ಸಿಗೋ ಹಾಗೆ ಇಟ್ಟ ಪುಣ್ಯಾತ್ಗಿತ್ತಿ ಯಾರು?" ಅಂತ ಅಮ್ಮನ್ನೇ ನೋಡ್ತಾ ಕೇಳಿದರು. ಅಪ್ಪನೂ ಅಮ್ಮನ್ನ ನೋಡಿದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

"ನಾನು ಇಟ್ಟಿದ್ದೆ ಅಮ್ಮಾರ," ಅಂದರು ಮೌಶಿ. "ಎಣ್ಣಿ ಕಡಾ ಇಸ್ಕೊಳ್ಳಾಕ ತಂಬಿಗಿ ಹಿಡಕೊಂಡು ಬಂದಿದ್ದೆ. ನಳ ಬಂತು ಅಂದ್ರು, ಅಲ್ಲೇ ಹೊಸ್ತಿಲದಾಗ ಇಟ್ಟು ಹೊಂಟೆ. ನಂದಽ ತಪ್ಪು."

ಅಜ್ಜಿ ಆಕೆಯನ್ನ ನೋಡಿದ ನೋಟ ಇದೆಯಲ್ಲ, ಅದನ್ನ ನಾನು ಬರೆಯಲಾರೆ. ಸ್ವಲ್ಪ ಹೊತ್ತಾದ ಮೇಲೆ ನಾನು ಫ್ಲಾಸ್ಕ್ ತೊಳೆಯೋಕೆ ನಲ್ಲಿ ಹತ್ತಿರ ಹೋದರೆ ಅಮ್ಮ, ಮೌಶಿ ಇಬ್ಬರೂ ಅಲ್ಲಿದ್ದರು. "ಯಾಕಕ್ಕಾ ಹಂಗೆ ಹೇಳಿದ್ರಿ, ಯಾಕೆ" ಅಂತ ಅಮ್ಮ ಅಳ್ತಿದ್ದರು. ಮೌಶಿ, "ನನಗ ಕೇಳವ್ರು ಯಾರದಾರ್ರೀ? ಅತ್ತಿ ಇಲ್ಲ, ಮಾವ ಇಲ್ಲ, ಮಕ್ಕಳಿಲ್ಲ. ನಿಮ್ಮ ಮನಿ ಮುರೀಬಾರ್ದು. ಕೂಸು ಆರಾಮಾಗಿ ಬಂದ್ರ ಎಲ್ಲಾರೂ ಮರೀತಾರ, ತಗೋರಿ" ಅಂದರು.

ನನ್ನ ತಮ್ಮ ಬದುಕಿ ಮನೆಗೆ ಬರಲಿಲ್ಲ.

ಅದರ ಬಗ್ಗೆ ಹೆಚ್ಚು ಬರೆಯೋಕೆ ನನಗೆ ಆಗಲ್ಲ... ಅಪ್ಪ ಅವನನ್ನ ಬಿಳಿ ಟವೆಲ್ಲಲ್ಲಿ ಸುತ್ತಿ ಎತ್ತಿಕೊಂಡು ಬಂದರು. ವಠಾರ ಪೂರ್ತಿ ಅಂಗಳದಲ್ಲಿ ನಿಂತಿತ್ತು. ಮೌಶಿ ಮಾತ್ರ ತಮ್ಮ ಮನೆ ಬಾಗಿಲ ಹಿಂದೆ ನಿಂತಿದ್ದರು.

ಅಮ್ಮ ಹೇಳಬಹುದಿತ್ತು. ಆವಾಗಲಾದರೂ, ಸೂತಕ ಕಳೆದ ಮೇಲಾದರೂ. ಹೇಳ್ತಿದ್ದರೋ ಏನೋ. ಆದರೆ ಒಂದು ಆಯ್ತು. ಅಮ್ಮ ಗೋಡೆಗೆ ಒರಗಿ ಕೂತಿದ್ದಾಗ ಅಜ್ಜಿ ಬಂದು ಪಕ್ಕದಲ್ಲಿ ಕೂತು ತಲೆ ಸವರಿದರು. "ನೀನೇನು ಮಾಡ್ತೀಯೇ ಪಾಪ. ನಂಬಿದೋರೇ ಕುತ್ತಿಗೆ ಕುಯ್ದರು" ಅಂದರು. ಮದುವೆಯಾಗಿ ಬಂದಾಗಿನಿಂದ ಆ ಮನೇಲಿ ಅಮ್ಮನ ತಲೆ ಸವರಿದೋರು ಯಾರೂ ಇರಲಿಲ್ಲ. ಅಮ್ಮ ಅಜ್ಜಿಯ ಮಡಿಲಿಗೆ ಮುಖ ಹಾಕಿ ಬಿಕ್ಕಿ ಬಿಕ್ಕಿ ಅತ್ತರು. ಅಲ್ಲಿಗೆ ಆ ಮಾತು ಅಮ್ಮನ ಗಂಟಲಲ್ಲೇ ಹೂತುಹೋಯ್ತು. ಅಮ್ಮನ ಕಷ್ಟ ಈಗ ನನಗೆ ಅರ್ಥವಾಗುತ್ತೆ. ಸಿಟ್ಟೂ ಹಾಗೇ ಇದೆ, ಏನು ಮಾಡ್ಲಿ.

ಅಪ್ಪ ಆ ಡಬ್ಬಿ ಎಣ್ಣೇನ ಕಣ್ಣಲ್ಲಿ ನೋಡೋಕಾಗದೆ ಒಂದು ಬೆಳಗ್ಗೆ ಹಿತ್ತಿಲಿಗೆ ಒಯ್ದು ಬಾವಿ ಕಟ್ಟೆ ಪಕ್ಕದ ಗುಂಡಿಗೆ ಸುರಿಯೋಕೆ ನಿಂತರು. ತಿಗಣೆ ಔಷಧಿ, ಫಿನಾಯಿಲ್, ಮನೇಲಿದ್ದ ಎಲ್ಲಾ ಸೀಸೆ ಜೊತೆಗೆ. ಮೌಶಿ ಎದುರಿಂದ ಓಡಿ ಬಂದು, "ಅಲ್ಲಿ ಚೆಲ್ಲಬ್ಯಾಡ್ರೀ ಅಣ್ಣಾರ, ಬಾಂವಿಗೆ ಇಳೀತದ. ಡಿಪೋದವ್ರಿಗೆ ಕೊಡ್ರಿ, ಇಲ್ಲಾ ಯಾರಿಗರ ಸ್ಟವ್ವಿಗೆ ಹಾಕ್ಕೊಳ್ಳಾಕ ಕೊಡ್ರಿ" ಅಂದರು. ಅಪ್ಪ ಆಕೆಯ ಮುಖಾನೂ ನೋಡದೆ ಸುರಿದರು. ಮುಂದೆ ಬಾವಿ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಿತು, ಸೇದಿದ ನೀರೆಲ್ಲ ಅದೇ ನಾತ. ಮುಂದಿನ ಮಳೆಗಾಲದವರೆಗೂ ಬಾವಿ ಮುಟ್ಟೋ ಹಾಗಿರಲಿಲ್ಲ. ಬಟ್ಟೆ ಒಗೆಯೋಕೂ ಬೀದಿ ನಲ್ಲಿಗೆ ಅಲೆದರು ವಠಾರದ ಹೆಂಗಸರು. ಅದಕ್ಕೂ ಬೈಸಿಕೊಂಡಿದ್ದು ಮೌಶೀನೇ. "ಎಲ್ಲಾ ಇವಳಿಂದ" ಅಂತ.

ಮೂಲೆ ಮನೇಲಿ ಆಗ ಬಾಣಂತಿ ಇದ್ದಳು. ಹುಟ್ಟಿದಾಗಿನಿಂದ ಅವಳ ಮಗೂಗೆ ಮೌಶಿಯೇ ನೀರು ಹಾಕ್ತಿದ್ದದ್ದು. ಸೂತಕ ಕಳೆದ ಮೇಲೆ ಒಂದಿನ ಬೆಳಗ್ಗೆ ಆಕೆ ಎಂದಿನ ಹಾಗೆ ಎಣ್ಣೆ ಬಟ್ಟಲು ಹಿಡಿದು ಹೋದರು. ಬಾಣಂತಿಯ ತಾಯಿ ಬಾಗಿಲಿಗೆ ಅಡ್ಡ ನಿಂತು, "ಇವತ್ತು ಬೇಡಿ, ಮಗೂಗೆ ನೆಗಡಿ" ಅಂದರು. ಮೌಶಿ ವಾಪಸ್ ಬಂದು ತಮ್ಮ ಹೊಸ್ತಿಲ ಮೇಲೆ ಕೂತರು. ಸೀರೆ ಎತ್ತಿ ಕಟ್ಟಿದ್ದು ಹಾಗೇ ಇತ್ತು. ಒಳಗಿಂದ ಮಗು ಅಳೋದು, ಬಿಸಿನೀರು ಹುಯ್ಯೋ ಸದ್ದು ಎರಡೂ ಕೇಳ್ತಿದ್ದವು. ಆಕೆ ಕೇಳ್ತಾ ಕೂತಿದ್ದರು. ಆಮೇಲೆ ಆಕೆಯನ್ನ ಯಾವ ಮನೆಯವರೂ ಕರೀಲಿಲ್ಲ. "ಕೈಗುಣ ಹೋಯ್ತು" ಅಂದರು. ಕೆಲವರು "ಮಕ್ಕಳಿಲ್ಲದೋಳ ಕಣ್ಣು" ಅಂತಾನೂ ಅಂದರು. ಅದೇ ಬಾಯಿಗಳು ಕಣ್ರೀ, ಅವತ್ತು ಕಾಲು ಮುಟ್ಟೋಕೆ ಹೋಗಿದ್ದು.

ಮೌಶಿ ಸುಮ್ಮನೆ ಕೂರೋ ಹೆಂಗಸಾಗಿರಲಿಲ್ಲ. ಹಳೇ ಕೆಂಪು ರವಿಕೆ ಒಂದನ್ನ ಹರಿದು ಚಿಂದಿ ಮಾಡಿಕೊಂಡು ಮನೆಮನೆಗೆ ಹೋಗೋಕೆ ಶುರು ಮಾಡಿದರು. ಯಾರ ಮನೇಲಿ ಸೀಮೆಎಣ್ಣೆ, ಫಿನಾಯಿಲ್, ಇಲಿ ಪಾಷಾಣ ಇದೆಯೋ ಅದರ ಕುತ್ತಿಗೆಗೆ ಒಂದು ಕೆಂಪು ಚಿಂದಿ ಕಟ್ಟೋದು, ಎತ್ತರದ ಗೂಡಿಗೆ ಇಡೋದು. "ಓದಾಕ ಬರದವ್ರಿಗೂ ಗೊತ್ತಾಗ್ಬೇಕು ನೋಡ್ರಿ. ಕೂಸು ಕುಡೀತಂದ್ರ ಏನೂ ಕುಡಿಸಬ್ಯಾಡ್ರಿ, ಕಕ್ಕಸಬ್ಯಾಡ್ರಿ, ಎತಗೊಂಡು ಓಡ್ರಿ" ಅಂತ ಪ್ರತಿ ಮನೇಲೂ ಅದೇ ಪಾಠ. ಮೊದಲು ಜನ ಸಹಿಸಿಕೊಂಡರು. ಆಮೇಲೆ ಒಬ್ಬಾಕೆ, ಹೆಸರು ಬೇಡ, ಮುಖದ ಮೇಲೆ ಹೊಡೆದ ಹಾಗೆ ಹೇಳಿದಳು: "ಮೊದಲು ನಿಮ್ಮ ಚೊಂಬು ನೋಡ್ಕೊಳ್ಳಿ ಮೌಶಿ, ನಮ್ಮ ಬಾಟಲಿ ಆಮೇಲೆ." ಅಮ್ಮ ಅಲ್ಲೇ ನಲ್ಲೀಲಿ ಕೊಡ ಹಿಡೀತಿದ್ದರು. ಕೊಡ ತುಂಬಿ ಹರೀತಿತ್ತು. ತಲೆ ಎತ್ತಲಿಲ್ಲ.

ಅಮ್ಮ ಮೌಶಿ ಹತ್ತಿರ ಮಾತು ಬಿಟ್ಟಿದ್ದರು. ವಠಾರದವರೆಲ್ಲ ಅದು ಹೆತ್ತ ಸಂಕಟ, ಸಿಟ್ಟು ಅಂದುಕೊಂಡರು. ಸಿಟ್ಟಲ್ಲ, ನಾಚಿಕೆ. ಅದು ಗೊತ್ತಿದ್ದದ್ದು ಮೂರು ಜನಕ್ಕೆ.

ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬರೋವಾಗ ಮೌಶಿ ಮನೆ ಮುಂದೆ ಎತ್ತಿನಗಾಡಿ ನಿಂತಿತ್ತು. ಚಿಕ್ಕಬಾಣಾವರದಲ್ಲಿ ಮನೆ ನೋಡಿದ್ದರಂತೆ. ಹಾಸಿಗೆ ಸುರುಳಿ, ಪಾತ್ರೆ, ರೊಟ್ಟಿ ಕಲ್ಲು ಎಲ್ಲಾ ಏರಿಸಿ ಆಗಿತ್ತು. ನನ್ನನ್ನ ಕರೆದು ಗಲ್ಲ ಹಿಡಿದರು. "ಶಾಣ್ಯಾಕಿ ಆಗ ಯವ್ವಾ. ಅವ್ವನ್ನ ನೋಡ್ಕೋ" ಅಂದರು. ಅಮ್ಮ ಒಳಗೇ ಇದ್ದರು. ಬಾಗಿಲು ತೆಗೀಲಿಲ್ಲ.

ವರ್ಷಗಳು ಹೋದವು. ಅಜ್ಜಿ ತೀರಿಕೊಂಡರು. ನನಗೆ ಮದುವೆಯಾಯ್ತು. ಎಂಬತ್ತರ ದಶಕದ ಕೊನೆಗೆ ಬಾಣಂತನಕ್ಕೆ ಅಂತ ತವರಿಗೆ ಬಂದೆ. ಅದೇ ವಠಾರ, ಅದೇ ಮನೆ. ಗಂಡು ಮಗು. ಮನೆಗೆ ಬಂದ ದಿನದಿಂದ ಅಮ್ಮ ಮಗೂನ ಎತ್ತಿಕೊಳ್ಳೋರು, ಕೆಳಗಿಡೋರು, ಮತ್ತೆ ಎತ್ತಿಕೊಳ್ಳೋರು. ಒಂದಿನ ಇದ್ದಕ್ಕಿದ್ದ ಹಾಗೆ, "ನಿಮ್ಮಪ್ಪನಿಗೆ ಹೇಳಿಬಿಟ್ಟೆ ಕಣೇ" ಅಂದರು. ಏನು ಅಂತ ನಾನು ಕೇಳಲಿಲ್ಲ. "ಏನಂದ್ರು?" ಅಂದೆ. "ಏನೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕೆರೆ ಏರಿ ಕಡೆ ಹೋದ್ರು." ಮಗೂನ ಮತ್ತೆ ಎತ್ತಿಕೊಂಡು ಅಮ್ಮ ಅಂದರು, "ನಾಳೆ ಚಿಕ್ಕಬಾಣಾವರಕ್ಕೆ ಹೋಗೋಣ. ಈ ಮಗೂಗೆ ಅಕ್ಕನ ಕೈಯಲ್ಲೇ ನೀರು ಹಾಕಿಸ್ತೀನಿ. ಆಮೇಲೆ ವಠಾರದವರಿಗೆಲ್ಲ ನಾನೇ ಹೇಳ್ತೀನಿ."

ಯಶವಂತಪುರದಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಹೋದ್ವಿ. ಸ್ಟೇಷನ್ನಿನ ಆಚೆ ಒಂದು ಹೆಂಚಿನ ಮನೆ. ಮೌಶಿ ಇಳಿದುಹೋಗಿದ್ದರು, ಕೂದಲು ಪೂರ್ತಿ ಬೆಳ್ಳಗೆ. ಗಂಡ ಮಂಚದ ಮೇಲೆ ಕೂತಿದ್ದರು, ಹಾಗೇ ಮಾತಿಲ್ಲದೆ. ನಮ್ಮನ್ನ ನೋಡಿ ಮೌಶಿ ಹೆದರಿದ ಹಾಗೆ ಎದ್ದರು. ಅಮ್ಮ ಒಳಗೆ ಕಾಲಿಟ್ಟಿದ್ದೇ ಆಕೆಯ ಕೈ ಹಿಡಕೊಂಡು ಒಂದೇ ಉಸಿರಲ್ಲಿ ಹೇಳಿದರು: "ಅಕ್ಕಾ, ಆ ಚೊಂಬು ಇಟ್ಟಿದ್ದು ನಾನು. ಅವತ್ತೇ ಹೇಳಬೇಕಿತ್ತು, ಬಾಯಿ ಬರಲಿ‌ಲ್ಲ. ಇಷ್ಟು ವರ್ಷ ನಿಮ್ಮ ತಲೆ ಮೇಲೆ ಹೊರಿಸಿಬಿಟ್ಟೆ. ನಿಮ್ಮ ಯಜಮಾನರ ಮುಂದೆ ಹೇಳ್ತಿದೀನಿ, ಎಲ್ಲರ ಮುಂದೆ ಹೇಳ್ತೀನಿ."

ಮೌಶಿ ಅಮ್ಮನ ಮುಖಾನೇ ನೋಡಿದರು. "ಏನ್ ಮಾತಾಡ್ತೀರಿ ವೈನಿ? ನಾನಽ ಅಲ್ಲೇನು ಇಟ್ಟಾಕಿ?"

"ಅಲ್ಲಕ್ಕಾ! ನೀವು ನನ್ನ ಉಳಿಸೋಕೆ ಹಂಗಂದ್ರಿ."

"ನನಗ ಛಲೋ ನೆನಪದ. ಮನ್ಯಾಗ ಎಣ್ಣಿ ತೀರಿತ್ತು. ತಂಬಿಗಿ ತಗೊಂಡು ಬಂದೆ. ನೀವು ಹಾಕಿ ಕೊಟ್ರಿ, ಹಸರು ಸೀರಿ ಉಟ್ಟಿದ್ರಿ. ಅಕ್ಕಿ ಆರಸೂದರ ಬಗ್ಗೆ ಏನೋ ಮಾತಾಡ್ಕೋತ ನಿಂತ್ವಿ. ನಳ ಬಂತು ಅಂದ್ರು..." ಹೀಗೆ ಹೇಳ್ತಾ ಹೋದರು. ಆಗಿರಲೇ ಇಲ್ಲದ್ದನ್ನ, ಒಂದೊಂದೂ, ಕಣ್ಣ ಮುಂದೆ ನಡೆದ ಹಾಗೆ. ಅಮ್ಮ ಬೇಡ ಬೇಡ ಅಂತ ತಲೆ ಆಡಿಸ್ತಿದ್ದರೂ ನಿಲ್ಲಿಸಲಿಲ್ಲ. ಎಷ್ಟು ಸಲ ಒಬ್ಬರೇ ಕೂತು ಅದನ್ನ ಹೇಳಿಕೊಂಡಿದ್ದರೋ... ಅಮ್ಮನ್ನ ಮತ್ತೆ ಉಳಿಸೋಕೆ ಹೇಳಿದರೋ, ನಿಜವಾಗಿ ಹಾಗೇ ಆಯ್ತು ಅಂತ ನಂಬಿಬಿಟ್ಟಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅಮ್ಮ ಸೋತು ಕೂತರು. ಕೊನೆಗೆ ನನ್ನ ಕೈಯಿಂದ ಮಗು ತೊಗೊಂಡು ಆಕೆ ಮುಂದೆ ಹಿಡಿದರು. "ಅದೆಲ್ಲ ಬಿಡಿ. ಇವನಿಗೆ ಒಂದು ಸಲ ನೀವು ನೀರು ಹಾಕಿ ಅಕ್ಕಾ."

ಮೌಶಿ ಮಗೂನ ನೋಡಿದರು. ತುಂಬ ಹೊತ್ತು ನೋಡಿದರು. ಅವನು ಕೈಕಾಲು ಆಡಿಸಿ ಆಕೆಯ ಸೆರಗಿನ ಅಂಚು ಹಿಡಕೊಂಡ. ಆಕೆ ಮೆಲ್ಲಗೆ ಬಿಡಿಸಿಕೊಂಡು ಹಿಂದೆ ಸರಿದರು. "ಈ ಕೈಯಾಗ ಬ್ಯಾಡ್ರೀ ವೈನಿ. ಚಂದ ಅದಾನ, ನೂರು ವರ್ಷ ಇರ್ಲಿ" ಅಂದರು. ಚಹಾ ಕೊಟ್ಟರು, ನನ್ನ ಹಣೆಗೆ ಕುಂಕುಮ ಇಟ್ಟರು. ಮಗೂನ ಮುಟ್ಟಲಿಲ್ಲ.

ವಾಪಸ್ ಬರೋವಾಗ ರೈಲಲ್ಲಿ ಅಮ್ಮ ಕಿಟಕಿ ಕಡೆ ತಿರುಗಿ ಕೂತಿದ್ದರು. "ನಾನು ಹೊರಿಸಿದ್ದನ್ನ ನಾನೇ ಇಳಿಸೋಕಾಗಲಿಲ್ಲವಲ್ಲೇ" ಅಂದರು. ವಠಾರದಲ್ಲಿ ಆಗಿನ ಕಾಲದವರು ಒಬ್ಬಿಬ್ಬರೇ ಉಳಿದಿದ್ದರು. ಅಮ್ಮ ಅವರಿಗೆ ಹೇಳಿದರು. "ಹೌದಾ, ಪಾಪ" ಅಂದು ಅವರು ಹುಣಸೆಹಣ್ಣು ಬಿಡಿಸೋದು ಮುಂದುವರಿಸಿದರು.

ಅಮ್ಮ ಹೋದ ಮೇಲೆ ಸುದ್ದಿ ಮುಟ್ಟಿಸೋಣ ಅಂತ ನಾನೊಬ್ಬಳೇ ಚಿಕ್ಕಬಾಣಾವರಕ್ಕೆ ಹೋದೆ. ಬಾಗಿಲು ತೆಗೆದದ್ದು ಬೇರೆ ಹೆಂಗಸು, ಮೌಶಿಯ ಮೈದುನನ ಹೆಂಡತಿ ಅಂತೆ. ಮೌಶಿಯೂ ಇಲ್ಲ, ಅವರ ಯಜಮಾನರೂ ಇಲ್ಲ, ಆಕೆ ಹೋಗಿ ಆಗಲೇ ಬಹಳ ಕಾಲವಾಗಿದೆ ಅಂದಳು. ಮತ್ತಿಕೆರೇಲಿ ಎದುರು ಮನೆಯವರು ನಾವು ಅಂದಾಗ ಅವಳ ಮುಖ ಬದಲಾಯ್ತು. "ನಿಮಗ ಹೇಳಿ ಕಳಸೂದು ಬ್ಯಾಡ ಅಂದಿದ್ಲು ನಮ್ಮಕ್ಕ. ಅವರ ಕೂಸಿನ ಜೀವಾ ತಗದಾಕಿ ನಾನು, ಯಾವ ಮಾರಿ ಇಟಗೊಂಡು ಕರೀಲಿ ಅಂದ್ಲು."

ನಾನು ತಡೆಯಲಾರದೆ ಹೇಳಿಬಿಟ್ಟೆ. ಅವರು ತೆಗೆದಿಲ್ಲ ಕಣಮ್ಮಾ, ಎಣ್ಣೆ ಇಟ್ಟಿದ್ದು ನಮ್ಮಮ್ಮ, ನಾನೇ ಕಣ್ಣಾರೆ ನೋಡಿದ್ದೀನಿ, ವಾಂತಿ ಮಾಡಿಸಿದ್ದೂ ಬದುಕಲಿ ಅಂತ... ಎಲ್ಲಾ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಕಣ್ಣು ಒರೆಸಿಕೊಂಡು ನನಗೆ ಕೈ ಮುಗಿದಳು. "ಎಂಥಾ ದೊಡ್ಡ ಮನಸ್ಸರೀ ನಿಮ್ಮ ಮನಿಯವ್ರದು," ಅಂದಳು. "ಕೂಸು ಕಳಕೊಂಡೂ ನಮ್ಮಕ್ಕನ ಮ್ಯಾಲೆ ತಪ್ಪು ಹಾಕವಲ್ರಿ."

ಮುಗಿದ ಆ ಕೈಗಳನ್ನ ಇಳಿಸಿ ಅಂತಾನೂ ಹೇಳೋಕಾಗಲಿಲ್ಲ, ಎದ್ದು ಬಂದುಬಿಟ್ಟೆ.

ಬಣ್ಣದ ಕೆಲಸ ಮುಗಿದಿದೆ, ಮನೆ ಹೊಸದರ ಹಾಗೆ ಕಾಣುತ್ತೆ. ಮಗನಿಗೆ ಆ ದಿನ ನಾನು ಯಾಕೆ ಕಿರುಚಿದೆ ಅಂತ ಇನ್ನೂ ಹೇಳಿಲ್ಲ. ಮೌಶಿ ಇಲ್ಲ, ಅಮ್ಮ ಇಲ್ಲ, ಬದುಕಿದ್ದಿದ್ರೆ ನನ್ನ ತಮ್ಮನಿಗೆ ಈಗ ತಲೆ ನೆರೆತಿರೋದು. ನೋಡಿದೋಳು ನಾನೊಬ್ಬಳೇ ಉಳಿದಿದ್ದೀನಿ, ನನಗೂ ವಯಸ್ಸಾಯ್ತು. ಅದಕ್ಕೇ ಬರೆದಿಡ್ತಿದ್ದೀನಿ, ದೊಡ್ಡ ಮನಸ್ಸಿಂದ ಅಲ್ಲ. ಚೊಂಬು ಇಟ್ಟಿದ್ದು ನಮ್ಮಮ್ಮ. ಮೌಶಿ ಅಲ್ಲ.